ತಟ್ಟು ತೋಯಿಸಿದ ಸಂಜೆ

ಕಲ್ಲುಸುಣ್ಣಕ್ಕೆ ನೀರು ಹಾಕಿದಾಗ ಮೊದಲು ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತು ಕಲ್ಲು ಕಲ್ಲಾಗಿಯೇ ಕೂತಿರುತ್ತದೆ. ಆಮೇಲೆ ಒಳಗಿನಿಂದ ಚಟ್ ಚಟ್ ಎಂದು ಬಿರಿಯಲು ತೊಡಗುತ್ತದೆ, ಹಬೆ ಏಳುತ್ತದೆ, ನೋಡನೋಡುತ್ತ ಪೀಪಾಯಿ ತುಂಬ ಅಂಬಲಿಯ ಹಾಗೆ ಕುದಿಯುತ್ತದೆ. ಆ ಹಬೆಗೆ ಮೂಗಿಗಿಂತ ಮೊದಲು ಗಂಟಲಿಗೆ ತಿಳಿಯುವ ಒಂದು ಒಣ ವಾಸನೆ ಇದೆ. ಕಳೆದ ತಿಂಗಳು ಇಬ್ರಾಹಿಂಪುರದ ನಮ್ಮ ಮನೆಯ ಹಿತ್ತಲಲ್ಲಿ ಸುಣ್ಣ ತೋಯಿಸುವಾಗ ಆ ವಾಸನೆ ಬಂತು. ಕೋಲು ಹಿಡಿದು ಕದಡುತ್ತಿದ್ದವಳು ಹಿಂದೆ ಸರಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಎಂಟು ವರ್ಷದ ಹಿಂದೆ ಅಮೆರಿಕದ ಒಂದು ಸಣ್ಣ ಊರಿನಲ್ಲಿ ಇದೇ ವಾಸನೆ ಎದ್ದಾಗ ನಮ್ಮವರು “ಹಿಂದ ಸರಿ, ಕಣ್ಣಾಗ ಸಿಡೀತೈತಿ” ಎಂದು ನನ್ನ ಸೆರಗು ಹಿಡಿದು ಎಳೆದಿದ್ದರು. ಈ ಸಲ ನಾನೇ ಸರಿದೆ.

ನಮ್ಮವರು ಗೌಂಡಿ. ಸಿಮೆಂಟಿನ ಕೆಲಸ ಬರುತ್ತಿತ್ತು, ಆದರೆ ಅವರ ಹೆಸರು ಇದ್ದದ್ದು ಸುಣ್ಣದ ಕೆಲಸಕ್ಕೆ. ವಿಜಯಪುರದ ಹಳೆಯ ಗುಮ್ಮಟ, ಬಾವಿ, ಕಮಾನುಗಳ ಗಾರೆ ಉದುರಿದಾಗ ಹೇಳಿ ಕಳಿಸುತ್ತಿದ್ದರು. ನಾನು ಬಬಲೇಶ್ವರದ ತವರಿನಿಂದ ಬಂದಾಗ ಏಳನೇ ಇಯತ್ತೆ ಮುಗಿಸಿದ್ದೆ, ಸುಣ್ಣ ಎಂದರೆ ಗೋಡೆಗೆ ಬಳಿಯುವುದು ಎಂದಷ್ಟೇ ಗೊತ್ತಿತ್ತು. ಮಾವನವರು ಕಲಿಸಿದರು. ಅವರ ಮನೆತನದಲ್ಲಿ ಗಾರೆ ಹಚ್ಚುವುದು ಗಂಡಸರು. ಸುಣ್ಣ ತೋಯಿಸುವುದು, ಮರಳು ಬೆಲ್ಲದ ನೀರು ಕೂಡಿಸಿ ಅರೆಯುವುದು, ಹಚ್ಚಿದ ಮೇಲೆ ಗೋಣಿತಟ್ಟು ಹೊದಿಸಿ ದಿನಾ ನೀರು ಹಾಕುವುದು ಹೆಂಗಸರು. ನಮ್ಮ ಬಿಸಿಲಿಗೆ ಹಸಿ ಗಾರೆ ಒಂದೇ ಮಧ್ಯಾಹ್ನ ಒಣಗಿ ಸೀಳುತ್ತದೆ. ಅದಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಬಾಣಂತಿಗೆ ಎರೆದಷ್ಟು ಜತನದಿಂದ ಎರೆಯಬೇಕು. ಆ ಕೆಲಸವನ್ನು ನಾನು ಒಂದು ದಿನವೂ ತಪ್ಪಿಸಿದವಳಲ್ಲ. ತಪ್ಪಿದ್ದು ಒಂದೇ ಸಲ. ಅದು ನೀರು ಹಾಕದೆ ಆದ ತಪ್ಪಲ್ಲ.

ಅಮೆರಿಕದಿಂದ ರೂತ್ ಎಂಬ ಹೆಣ್ಣುಮಗಳು ವಿಜಯಪುರ ನೋಡಲು ಬಂದಿದ್ದಳು. ಬಣ್ಣದಲ್ಲಿ ನಮಗಿಂತ ಕಪ್ಪು, ತಲೆಗೂದಲು ಪೂರ್ತಿ ಬಿಳಿ, ಸಾಲಿ ಮಾಸ್ತರಕಿ ಮಾಡಿ ನಿವೃತ್ತಿಯಾದವಳು. ಕೋಟೆ ಗೋಡೆಯ ಹತ್ತಿರ ಒಂದು ಸಣ್ಣ ಗುಮ್ಮಟದ ಕೆಲಸ ನಡೆದಿತ್ತು. ಜೊತೆಗೆ ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಇವಳು ಮಾತ್ರ ಕಟ್ಟೆಯ ಮೇಲೆ ಕೂತು ನಾನು ಅರೆಯುವುದನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಬಂದು ಅರೆಯುವ ಕಲ್ಲಿಗೆ ತಾನೂ ಕೈ ಹಾಕಿದಳು. ನಮ್ಮವರಿಗೆ ಪ್ರವಾಸಿಗರ ಜೊತೆ ಮಾತಾಡಿ ಮಾತಾಡಿ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅವರಿಬ್ಬರೂ ಏನೋ ಮಾತಾಡಿದರು. ಮರುವರ್ಷ ಅವಳ ಊರಿನಿಂದ ಕಾಗದ ಬಂತು. ಅಲ್ಲೊಂದು ಹಳೆಯ ಕಟ್ಟಡವಿದೆ, ಅದರ ಹೊರಗೋಡೆಗೆ ಸುಣ್ಣದ ಗಾರೆ ಮಾಡಬೇಕು, ಊರು ನೋಡಲು ಬಂದವರ ಮುಂದೆಯೇ ಮಾಡಿ ತೋರಿಸಬೇಕು, ಗಂಡ ಹೆಂಡತಿ ಇಬ್ಬರೂ ಬರಬೇಕು ಎಂದಿತ್ತು.

“ಇಬ್ಬರೂ ಯಾಕಂತ?” ಎಂದು ನಾನು ಕೇಳಿದೆ.

“ನಾ ಒಬ್ಬನ ಹೋದ್ರ ಬರೇ ಗ್ವಾಡಿ ಸವರಿ ಬರಬೇಕ. ಸುಣ್ಣ ಯಾರ ಅರೀತಾರ, ನಿಮ್ಮಪ್ಪ?” ಎಂದರು.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಗಾರೆಗೆ ಹಾಕುವ ಅಳಲೆಕಾಯಿಯನ್ನು ತೆಗೆದಿಟ್ಟುಕೊಂಡರು, ಬೆಲ್ಲ ಬಿಟ್ಟರು. ಗಾರೆ ಸವರುವ ಕರಣಿಯನ್ನು ನಮ್ಮವರು ದೊಡ್ಡ ಪೆಟ್ಟಿಗೆಯಲ್ಲಿ ಸೀರೆಯೊಳಗೆ ಸುತ್ತಿ ಇಟ್ಟಿದ್ದರು. ಸೆಪ್ಟೆಂಬರ್ ನಡುವಿಗೆ ಹೋಗಿ ಇಳಿದೆವು.

ವರ್ಜೀನಿಯಾ ಎಂಬ ರಾಜ್ಯದ ಫ್ರೆಡೆರಿಕ್ಸ್‌ಬರ್ಗ್ ಎಂಬ ಊರು. ಹೊಳೆಯ ದಂಡೆಯ ಮೇಲಿದೆ. ಅಮೆರಿಕ ಎಂದರೆ ಗಾಜಿನ ಎತ್ತರದ ಮನೆಗಳು ಎಂದುಕೊಂಡು ಹೋಗಿದ್ದೆ. ಅಲ್ಲಿ ಇಟ್ಟಿಗೆ ಹಾಸಿದ ಕಾಲುದಾರಿ, ಇಟ್ಟಿಗೆಯ ಮನೆ, ಮರದ ಮನೆ, ಎಲ್ಲ ಎರಡು ಅಂತಸ್ತಿನವು. ಊರ ನಡುವಿನ ಬೀದಿ ನಮ್ಮ ಗಾಂಧಿ ಚೌಕದ ಒಂದು ಗಲ್ಲಿಯಷ್ಟು ಉದ್ದ, ಆದರೆ ಹಾರ್ನ್ ಇಲ್ಲ. ರೂತ್‌ಳ ಮನೆಯ ಹಿಂದಿನ ಕೋಣೆಯಲ್ಲಿ ನಮ್ಮನ್ನು ಇಟ್ಟಿದ್ದರು. ಹತ್ತಿರದಲ್ಲೇ ರೈಲ್ವೆ ಹಳಿ. ಗೂಡ್ಸ್ ಗಾಡಿ ಹೋದಾಗ ಗಾಜಿನ ಲೋಟ ಅಲುಗುತ್ತಿತ್ತು. ಮೊದಲ ಬೆಳಿಗ್ಗೆ ಆ ಸದ್ದಿಗೆ ಎದ್ದು, ಇಬ್ರಾಹಿಂಪುರದಲ್ಲೇ ಇದ್ದೇನೆ ಎಂದು ನಲ್ಲಿಗೆ ನೀರು ಬಂತೇನೋ ನೋಡಲು ಹೊರಟಿದ್ದೆ.

ಮನೆ ಮನೆಯ ಬಾಗಿಲ ಪಕ್ಕ ಒಂದು ಫಲಕ, ಅದರ ಮೇಲೆ ಆ ಮನೆ ಕಟ್ಟಿದ ಇಸವಿ. ಇನ್ನೂರು ವರ್ಷ, ಇನ್ನೂರೈವತ್ತು ವರ್ಷ. ಜನ ನಿಂತು ಓದಿ, ತಲೆಯಾಡಿಸಿ, ಮುಂದೆ ಹೋಗುತ್ತಿದ್ದರು. ನಮ್ಮವರು ಒಂದೊಂದನ್ನೂ ಓದಿಸಿಕೊಂಡು ಹೇಳಿದರು, “ನಮ್ಮ ಕಡೆ ಇಷ್ಟ ವಯಸ್ಸಿನ ಗ್ವಾಡಿಗೆ ಆಡು ಕಟ್ತಾರ.” ಹಾಗೆ ಹೇಳಿದರೂ ಪ್ರತಿ ಗೋಡೆಯನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡದೆ ಮುಂದೆ ಹೋಗುತ್ತಿರಲಿಲ್ಲ.

ನಾವು ಕೆಲಸ ಮಾಡಬೇಕಾದದ್ದು ಒಂದು ದೊಡ್ಡ ಮನೆಯ ಹಿಂದಿದ್ದ ಬೇರೆ ಅಡುಗೆಮನೆ. ಕೆಳಗೆ ಒಲೆ, ಮೇಲೆ ಮಲಗುವ ಅಟ್ಟ. ಆ ದೊಡ್ಡ ಮನೆಯವರಿಗೆ ಅಡುಗೆ ಮಾಡಿ ಹಾಕುತ್ತಿದ್ದವರು ಕೊಂಡು ತಂದ ಆಳುಗಳು, ಅವರ ಮಕ್ಕಳೂ ಆ ಮನೆಯ ಸ್ವತ್ತೇ ಎಂದು ರೂತ್ ಹೇಳಿದಳು. ಅವಳ ಮುತ್ತಜ್ಜಿಯ ತಾಯಿ ಆ ಒಲೆಯ ಮುಂದೆ ಬದುಕು ಕಳೆದವಳು. ದೊಡ್ಡ ಮನೆ ಎಂದೋ ರಿಪೇರಿಯಾಗಿ, ಟಿಕೆಟ್ ಇಟ್ಟು ತೋರಿಸುತ್ತಿದ್ದರು. ಅಡುಗೆಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಇಟ್ಟಿದ್ದರು. ಅದನ್ನೂ ನೋಡುವ ಜಾಗ ಮಾಡಬೇಕು ಎಂದು ರೂತ್ ವರ್ಷಗಟ್ಟಲೆ ಆ ಮನೆ ನೋಡಿಕೊಳ್ಳುವ ಕಮಿಟಿಯ ಮುಂದೆ ಹಟ ಹಿಡಿದು ಕೂತಿದ್ದಳಂತೆ. ನಮ್ಮನ್ನು ಕರೆಸಿದ್ದೂ ಅವಳ ಮಾತಿನ ಮೇಲೆಯೇ. ನವೆಂಬರ್ ಕೊನೆಯಲ್ಲಿ ಅವರದೊಂದು ಹಬ್ಬವಿದೆ, ಅಷ್ಟರೊಳಗೆ ಬಾಗಿಲು ತೆಗೆಯಬೇಕು. ಕಮಿಟಿಯ ಒಬ್ಬ ಉದ್ದನೆಯ ಮನುಷ್ಯನಿಗೆ ಇದು ಬೇಡವಾಗಿತ್ತು. ಅವನು ದಿನಾ ಕೈ ಕಟ್ಟಿಕೊಂಡು ಬಂದು ನಿಂತು ಹೋಗುತ್ತಿದ್ದ. ಈ ಕೆಲಸ ಕೆಟ್ಟರೆ ನಾಚಿಕೆ ನಮ್ಮದು, ನಷ್ಟ ರೂತ್‌ಳದು ಎಂದು ನನಗೂ ತಿಳಿದಿತ್ತು.

ಕೆಲಸ ಚೆನ್ನಾಗಿ ಸಾಗಿತು. ಕುಣಿ ತೋಡಿ ಸುಣ್ಣ ತೋಯಿಸಿದೆವು. ಹಳದಿ ಬಸ್ಸಿನಲ್ಲಿ ಊರು ನೋಡುವವರು ಬಂದು ಇಳಿದು, ನಾನು ಸೀರೆ ಮೇಲಕ್ಕೆ ಕಟ್ಟಿ ಅರೆಯುವುದನ್ನು ಫೋಟೋ ತೆಗೆಯುತ್ತಿದ್ದರು. ವಿಜಯಪುರದಲ್ಲಿ ಅವರಂಥವರು ಗುಮ್ಮಟಕ್ಕೆ ಕ್ಯಾಮೆರಾ ಹಿಡಿದಾಗ ನಾವು ಅಡ್ಡ ಬಾರದ ಹಾಗೆ ಬಗ್ಗಿ ಓಡುತ್ತಿದ್ದೆವು.

“ನೋಡು, ಇಲ್ಲಿ ನಾವ ಗುಮ್ಮಟ ಆಗೇವಿ,” ಎಂದರು ನಮ್ಮವರು ಹಲಗೆಯ ಮೇಲಿಂದ. “ಸೆರಗ ಸರಿ ಮಾಡಕೋ, ಫೋಟೋದಾಗ ಬೀಳತಿ.”

“ಗುಮ್ಮಟ ನೀವರಿ. ಒಂದ ಸಲ ಒದರಿದ್ರ ಏಳ ಸಲ ಕೇಳತೈತಿ,” ಎಂದೆ.

ರೂತ್‌ಗೆ ಏನು ಎಂದು ತಿಳಿಯಬೇಕು. ಅವರು ತಮ್ಮ ಇಂಗ್ಲಿಷಿನಲ್ಲಿ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನನ್ನನ್ನು ಕಾಶಿ ಎನ್ನುತ್ತಿದ್ದಳು, ಕಾಶೀಬಾಯಿ ಪೂರ್ತಿ ಬರುತ್ತಿರಲಿಲ್ಲ. ಆ ಸೀಮೆಯಲ್ಲೂ ಶೇಂಗಾ ಬೆಳೆಯುತ್ತಾರೆ. ನಾನು ಅವಳ ಅಡುಗೆಮನೆಯಲ್ಲಿ ಶೇಂಗಾ ಹುರಿದು ಚಟ್ನಿಪುಡಿಯ ಹಾಗೆ ಹಿಂಡಿ ಕುಟ್ಟಿದೆ. ಖಾರಕ್ಕೆ ಕಣ್ಣಲ್ಲಿ ನೀರು ಸುರಿದರೂ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಳು. ಒಂದು ಭಾನುವಾರ ತನ್ನ ಅವ್ವ ಹೊಲಿದ ಹೊದಿಕೆಗಳನ್ನು ತೆಗೆದು ತೋರಿಸಿದಳು. ಹಳೆಯ ಅಂಗಿ, ಹಳೆಯ ಲಂಗದ ತುಂಡು ಕೂಡಿಸಿ ಹೊಲಿದದ್ದು. ನಮ್ಮ ಕೌದಿಯೇ. ನಾನು ಹೊಲಿಗೆಯ ಮೇಲೆ ಬೆರಳಾಡಿಸಿ “ಕೌದಿ” ಎಂದೆ. ಅವಳೂ “ಕೌದಿ” ಎಂದಳು.

ಒಂದು ದಿನ ಹಳೆಯ ಗಾರೆ ಕೆರೆಯುವಾಗ ಒಂದು ಇಟ್ಟಿಗೆಯಲ್ಲಿ ಬೆರಳ ಗುರುತುಗಳು ಕಂಡವು. ಹಸಿ ಇಟ್ಟಿಗೆ ಎತ್ತುವಾಗ ಮೂಡಿದ ಮೂರು ಬೆರಳು, ಚಿಕ್ಕವು. ಇಟ್ಟಿಗೆ ಮಾಡಿದವರೂ ಅಂಥ ಆಳುಗಳೇ, ಅವರ ಮಕ್ಕಳೇ ಎಂದು ರೂತ್ ಹೇಳಿ ಬಹಳ ಹೊತ್ತು ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. ನಮ್ಮವರು ಆ ಇಟ್ಟಿಗೆಯ ಸುತ್ತ ಒಂದು ತಾಟಿನಷ್ಟು ಜಾಗಕ್ಕೆ ಗಾರೆ ಹಚ್ಚಲಿಲ್ಲ. ಅವರ ಮನೆತನದಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿದ ದಿನ ಗೌಂಡಿಯು ಗೋಡೆಯ ಕೆಳಮೂಲೆಯಲ್ಲಿ, ಯಾರಿಗೂ ಕಾಣದ ಕಡೆ, ಹೆಬ್ಬೆರಳು ಒತ್ತುತ್ತಾನೆ. “ಇವರ ಹೆಸರ ಯಾರೂ ಬರದಿಟ್ಟಿಲ್ಲ. ಇದನ್ನ ಮುಚ್ಚಿದ್ರ ನನ್ನ ಹೆಬ್ಬಟ್ಟಿಗೆ ಏನ ಬೆಲಿ?” ಎಂದರು.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಊರಿನ ಮರಗಳೆಲ್ಲ ಕೆಂಪಾಗಿ ಉದುರತೊಡಗಿದವು. ಮೂರು ಗೋಡೆ ಮುಗಿದಿದ್ದವು. ನಾಲ್ಕನೆಯದು ಬಡಗಣ ಗೋಡೆ, ಬಾಗಿಲು ಇರುವುದು, ಬಂದವರಿಗೆ ಮೊದಲು ಕಾಣುವುದು. ಅದಕ್ಕೆ ಕೊನೆಯ ಪದರು ಹಚ್ಚಿ ಮೂರು ದಿನವಾಗಿತ್ತು. ಆ ಮಧ್ಯಾಹ್ನ ರೂತ್ ಬಂದು, ಇವತ್ತು ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬೀಳುತ್ತದಂತೆ ಎಂದು ನಮ್ಮವರಿಗೆ ಹೇಳಿದಳು.

“ಇವತ್ತ ನೀರ ಹಾಕಬ್ಯಾಡ,” ಎಂದರು ಅವರು. “ತಟ್ಟು ಒಣಾನ ಇರಲಿ. ನೀರ ಹೆಪ್ಪಾದ್ರ ಉಬ್ಬತೈತಿ, ಗಾರಿ ಎತ್ತಿ ಒಗೀತೈತಿ.”

“ಹೂನ್ರಿ,” ಎಂದೆ.

ಅವರು ಅಂಗಡಿಯಿಂದ ಪ್ಲಾಸ್ಟಿಕ್ ಹಾಳೆ ತರಲು ರೂತ್ ಜೊತೆ ಕಾರಿನಲ್ಲಿ ಹೋದರು. ನಾನು ಸಾಮಾನು ತೊಳೆದಿಡುತ್ತಿದ್ದೆ. ಇಡೀ ದಿನ ಒಣಗಾಳಿ ಬೀಸಿತ್ತು. ಒಂದು ತಟ್ಟಿನ ಅಂಚು ಎತ್ತಿ ನೋಡಿದೆ. ಗೋಡೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಬಾಗಿಲ ಮೂಲೆಯಲ್ಲಿ ಕೂದಲಿನಷ್ಟು ತೆಳ್ಳನೆಯ ಒಂದು ಬಿರುಕು. ಅದನ್ನು ಕಂಡ ಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಹೆಪ್ಪುಗಟ್ಟುವುದು ಎಂದರೆ ಏನೆಂದು ನಾನು ಕಂಡವಳಲ್ಲ; ಹಾಲು ಹೆಪ್ಪಾಗುವುದನ್ನು ಕಂಡಿದ್ದೆ. ಬಿರುಕನ್ನು ಮಾತ್ರ ಸಾವಿರ ಸಲ ಕಂಡಿದ್ದೆ. ಇನ್ನೂ ಬೆಳಕಿತ್ತು. ಎರಡು ಬಕೆಟ್ ತುಂಬಿ ತಂದು, ಮೇಲಿನಿಂದ ಕೆಳಗಿನವರೆಗೆ ತಟ್ಟುಗಳನ್ನು ತೋಯಿಸಿದೆ. ಗೋಡೆ ನೀರು ಹೀರುವ ಸಣ್ಣ ಸದ್ದು ಕೇಳಿ ಮನಸ್ಸು ತಣ್ಣಗಾಯಿತು. ಅವರು ಬಂದು ಮೇಲಿನಿಂದ ಪ್ಲಾಸ್ಟಿಕ್ ಹೊದಿಸಿ ಕಟ್ಟುವಾಗ ಬೆಳಕು ಹೋಗಿತ್ತು, ಕೈಗೆ ಚರ್ಮದ ಚೀಲ ಹಾಕಿಕೊಂಡಿದ್ದರು. ನೀರು ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ.

ಬೆಳಿಗ್ಗೆ ಹುಲ್ಲಿನ ಮೇಲೆ ಸಕ್ಕರೆ ಚೆಲ್ಲಿದ ಹಾಗಿತ್ತು. ನಾನು ಚೆಂದ ಕಾಣುತ್ತದೆ ಎಂದು ಕಾಲಿನಿಂದ ಮುಟ್ಟಿ ನೋಡುತ್ತ ಬಂದೆ. ನಮ್ಮವರು ಪ್ಲಾಸ್ಟಿಕ್ ಬಿಚ್ಚುತ್ತಿದ್ದರು. ತಟ್ಟುಗಳು ಹಲಗೆಯ ಹಾಗೆ ಸೆಟೆದು ನಿಂತಿದ್ದವು. ಒಂದನ್ನು ಎಳೆದರು. ಅದರ ಜೊತೆ ಗಾರೆಯ ಪದರೂ ಹಪ್ಪಳದ ಹಾಗೆ ಎದ್ದು ಬಂದು ಕಾಲ ಬಳಿ ಬಿತ್ತು. ಇನ್ನೊಂದನ್ನು ಎಳೆದರು. ಅದೂ ಹಾಗೇ. ಅವರು ತಟ್ಟನ್ನು ನೋಡಿದರು, ನಲ್ಲಿಯ ಪಕ್ಕ ಬೋರಲು ಹಾಕಿದ್ದ ಎರಡು ಬಕೆಟ್ ನೋಡಿದರು, ನನ್ನನ್ನು ನೋಡಿದರು.

ಅಷ್ಟರಲ್ಲಿ ರೂತ್ ಬಂದಳು, ಹಿಂದೆಯೇ ಆ ಉದ್ದನೆಯ ಮನುಷ್ಯ. ನಮ್ಮವರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವರ ಮುಂದೆ ನಿಂತರು.

“ಮೈ ಮಿಸ್ಟೇಕ್, ಮೇಡಂ. ವಾಟರ್ ಐ ಪುಟ್. ಓನ್ಲಿ ಮೀ.”

ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು. ಉದ್ದನೆಯ ಮನುಷ್ಯ ಏನೋ ಹೇಳಿದ. ಮೆಲ್ಲಗೇ ಹೇಳಿದ, ಆದರೆ ರೂತ್‌ಳ ಮುಖ ಬಿಗಿದುಕೊಂಡಿತು. ಅವಳು ತಿರುಗಿ ಅವನಿಗೆ ಎರಡೇ ಮಾತು ಆಡಿದಳು. ಅವನು ಹೋದ. ಗೋಡೆ ಸರಿಮಾಡಲು ಹಬ್ಬದವರೆಗೆ ಸಮಯ ಕೇಳಿಕೊಂಡಿದ್ದೇನೆ ಎಂದು ಆಮೇಲೆ ನಮ್ಮವರಿಗೆ ಹೇಳಿದಳು.

“ರೀ, ಅದು ನಾ…” ಎಂದೆ, ನಾವಿಬ್ಬರೇ ಉಳಿದಾಗ.

“ಕುಣಿಯಾಗಿನ ಸುಣ್ಣ ತಗಿ. ನಾಳೆ ಅರೀಬೇಕ,” ಎಂದರು. ಬೆನ್ನು ತಿರುಗಿಸಿ ಕೆರೆಯತೊಡಗಿದರು. ಅವರು ಬೈದಿದ್ದರೆ ನಾನು ಹೇಳಿಬಿಡುತ್ತಿದ್ದೆ.

ಇಡೀ ಗೋಡೆ ಕೆರೆದು ಮತ್ತೆ ಹಚ್ಚಿದೆವು. ಸುತ್ತ ಕಂಬ ನೆಟ್ಟು ಡೇರೆ ಮಾಡಿ ಒಳಗೆ ದೊಡ್ಡ ದೀಪ ಉರಿಸಿದರು. ಬೆಚ್ಚಗೆ ಹೊದಿಸಲು ಏನಾದರೂ ಬೇಕು ಎಂದಾಗ ರೂತ್ ಮನೆಗೆ ಹೋಗಿ ಅವಳ ಅವ್ವನ ಕೌದಿಗಳನ್ನು ಹೊತ್ತು ತಂದಳು. ನಾನು ಬೇಡ ಬೇಡ ಎಂದು ಕೈ ಅಡ್ಡ ಹಿಡಿದೆ. ಅವಳು ಕೇಳಲಿಲ್ಲ. ಹಸಿ ಗಾರೆಗೆ ತಾಕದ ಹಾಗೆ ಹಗ್ಗ ಕಟ್ಟಿ ಸಾಲಾಗಿ ಇಳಿಬಿಟ್ಟೆವು. ಬಣ್ಣ ಬಣ್ಣದ ತುಂಡುಗಳ ಹಿಂದೆ ಗೋಡೆ ಮಗುವಿನ ಹಾಗೆ ಮಲಗಿತ್ತು. ಆ ದಿನಗಳಲ್ಲಿ ಒಮ್ಮೆ, ಅವರು ಹಲಗೆಯ ಮೇಲಿದ್ದಾಗ, ನಾನು ರೂತ್‌ಳ ಕೈ ಹಿಡಿದು ಬಕೆಟ್ ತೋರಿಸಿದೆ, ಗೋಡೆ ತೋರಿಸಿದೆ, ನನ್ನ ಎದೆ ಮುಟ್ಟಿ ತೋರಿಸಿದೆ. ಅವಳು ನನ್ನನ್ನು ನೋಡಿದಳು, ಮೇಲೆ ಅವರನ್ನು ನೋಡಿದಳು, ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು. ಮೊದಲೇ ಗೊತ್ತು ಎಂದಳೋ, ಬಿಡು ಎಂದಳೋ ನನಗೆ ತಿಳಿಯಲಿಲ್ಲ. ಭಾಷೆ ಬಾರದವಳಿಗೆ ಹೇಳಲು ಆಯಿತು. ಭಾಷೆ ಬಂದವರ ಮುಂದೆ ಬಾಯಿ ಬರಲಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ಗೋಡೆ ಮುಗಿಯಿತು. ಕೌದಿಗಳನ್ನು ಬಿಚ್ಚಿದೆವು. ಒಂದು ಬಿರುಕಿಲ್ಲ. ನಮ್ಮವರು ಕೆಳಮೂಲೆಯಲ್ಲಿ ಕಡೆಗೆ ಅಂತ ಉಳಿಸಿಕೊಂಡಿದ್ದ ಅಂಗೈಯಷ್ಟು ಜಾಗಕ್ಕೆ ಗಾರೆ ಹಚ್ಚಿ, ಕರಣಿ ಒರೆಸಿ, ನನ್ನನ್ನು ಕರೆದರು.

“ಬಾ ಇಲ್ಲಿ. ಒತ್ತು.”

“ನಾ ಯಾಕರಿ? ಗೌಂಡಿ ನೀವು.”

“ಅರದಾಕಿ ನೀನ ಅಲ್ಲ? ಒತ್ತು, ಆರತೈತಿ.”

ನನ್ನ ಹೆಬ್ಬೆರಳು ಹಿಡಿದು ತಾವೇ ಒತ್ತಿಸಿದರು. ಅವರ ಮನೆತನದಲ್ಲಿ ಹೆಂಗಸಿನ ಹೆಬ್ಬೆರಳು ಬಿದ್ದ ಗೋಡೆ ಅದೊಂದೇ. ಹಬ್ಬದ ದಿನ ರೂತ್‌ಳ ಮನೆತನದವರು ಮುದುಕರು ಮಕ್ಕಳು ಎಲ್ಲ ಸಾಲಾಗಿ ಆ ಬಾಗಿಲಿಂದ ಒಳಗೆ ಹೋದರು, ಒಳಗೆ ಹೋಗುವ ಮುಂಚೆ ಒಬ್ಬೊಬ್ಬರೂ ಇಟ್ಟಿಗೆಯ ಮೇಲಿನ ಆ ಮೂರು ಬೆರಳನ್ನು ಮುಟ್ಟಿದರು. ಉದ್ದನೆಯ ಮನುಷ್ಯನೂ ಬಂದಿದ್ದ, ನಮ್ಮವರ ಕೈ ಕುಲುಕಿದ.

ಊರಿಗೆ ಬಂದ ಮೇಲೆ ನಾವು ಎಂಟು ವರ್ಷ ಬಾಳಿದೆವು. ಎಲ್ಲರ ಹಾಗೆ ಜಗಳವಾಡಿದೆವು. ಅವರು ಸಿಟ್ಟಿನಲ್ಲಿ ನನ್ನ ತವರಿನ ಸುದ್ದಿ ತೆಗೆದರು, ನಾನು ಸಾರಿಗೆ ಉಪ್ಪು ಮರೆತದ್ದು ತೆಗೆದರು, ಹಿಂದಿನದು ಮುಂದಿನದು ಎಲ್ಲ ತೆಗೆದರು. ಆ ಸಂಜೆಯ ಮಾತನ್ನು ಒಮ್ಮೆಯೂ ತೆಗೆಯಲಿಲ್ಲ. ತೆಗೆಯಲಿ, ತೆಗೆದರೆ ನಾನೂ ಹೇಳುತ್ತೇನೆ ಎಂದು ಕಾಯುತ್ತಿದ್ದೆ. ಜನರ ಮುಂದೆ ಅಮೆರಿಕದ ಕಥೆ ಹೇಳುವಾಗ “ಅಲ್ಲಿ ಥಂಡಿಯೊಳಗ ನಾ ನೀರ ಹಾಕಿ ಕೆಡಿಸಿದ್ದೆ” ಎಂದು ನಗುತ್ತ ಹೇಳುತ್ತಿದ್ದರು. ಹೇಳಿ ಹೇಳಿ ಅದು ಅವರದೇ ತಪ್ಪಾಗಿ ಹೋಗಿತ್ತು. ದೀಪಾವಳಿ ಮುಗಿದ ವಾರ, ಕೆಲಸದಿಂದ ಬಂದು ಕೈಕಾಲು ತೊಳೆದು, “ಎದಿ ಹಿಡದಂಗಾಗೇತಿ” ಎಂದರು. ದವಾಖಾನೆ ಮುಟ್ಟುವುದರೊಳಗೆ ಹೋದರು.

ಬಿಜ್ಜರಗಿಯ ನಮ್ಮ ಹೊಲದಲ್ಲಿ ಮಾವನವರ ಪಕ್ಕ ಮಣ್ಣು ಮಾಡಿದೆವು. ಮೇಲೊಂದು ಸಣ್ಣ ಕಟ್ಟೆ ಕಟ್ಟಬೇಕಿತ್ತು. ತೋಯಿಸಿದ ಸುಣ್ಣ ಹಣ್ಣಾಗಿ ಹದಕ್ಕೆ ಬರುವುದನ್ನು ಕಾದು, ಪೀಪಾಯಿಯನ್ನು ಟೆಂಪೋದಲ್ಲಿ ಹೇರಿಕೊಂಡು ತಿಕೋಟಾ ದಾಟಿ ಹೋದೆವು. ಕಟ್ಟೆ ಕಟ್ಟಿದವರು ನಮ್ಮವರ ಜೊತೆ ಮೂವತ್ತು ವರ್ಷ ದುಡಿದ ರಜಾಕಸಾಬರು.

“ಕಾಶಕ್ಕಾ, ಸಿಮೆಂಟ್ ಹಾಕಿದ್ರ ಇವತ್ತ ಮುಗೀತಿತ್ತ,” ಎಂದರು.

“ನಿಮ್ಮ ದೋಸ್ತ ಎದ್ದ ಬಂದ ಕೆರದ ಒಗೀತಾರ.”

“ಹೌದವಾ, ಅಂವಾ ಬಿಡೂದಿಲ್ಲ,” ಎಂದು ರಜಾಕಸಾಬರು ಕರಣಿ ಬಿಟ್ಟು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಕೆಲಸ ಮುಗಿದಾಗ ಕೆಳಮೂಲೆಯಲ್ಲಿ ಗುರುತು ಒತ್ತಲಿಲ್ಲ. ಒತ್ತಬೇಕಾದ ಹೆಬ್ಬೆರಳು ಒಳಗಿತ್ತು.

ಶಿವರಾತ್ರಿ ಮುಗಿದು ಬಿಸಿಲು ಏರಿದೆ. ಪಕ್ಕದ ದ್ರಾಕ್ಷಿ ಪಡದಲ್ಲಿ ಹಣ್ಣು ಕೊಯ್ದು ಒಣಹಾಕಿದ್ದಾರೆ, ಗಾಳಿಗೆ ಅದರ ಸಿಹಿ ವಾಸನೆ. ಈ ಹತ್ತು ದಿನ ನಾನು ಹೊಲದ ಮನೆಯಲ್ಲೇ ಇದ್ದೇನೆ. ಕಟ್ಟೆಗೆ ತಟ್ಟು ಹೊದಿಸಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಹಾಕುತ್ತೇನೆ. ನಿನ್ನೆ ಸಂಜೆ ಕೊಡ ಎತ್ತಿಕೊಂಡು ಹೋದಾಗ ತಟ್ಟು ಕಾದು ಗರಿಗರಿ ಆಗಿತ್ತು. ಅಂಚು ಎತ್ತಿ ನೋಡಿದೆ. ಗಾರೆ ಬಿಳಿಚಿಕೊಂಡಿತ್ತು. ಸುತ್ತ ಯಾರೂ ಇರಲಿಲ್ಲ, ದೂರದಲ್ಲಿ ಕುರಿಗಳಿದ್ದವು.

“ಅವತ್ತ ಹಾಕಿದಾಕಿ ನಾನರಿ,” ಎಂದೆ. “ಬ್ಯಾಡ ಅಂದಿದ್ರಿ, ಹೂಂ ಅಂದು ಹಾಕಿದೆ.”

ಮೇಲಿನಿಂದ ಕೆಳಗೆ ನಿಧಾನ ಸುರಿದೆ. ತಟ್ಟು ನೀರು ಕುಡಿಯಿತು, ಅದರ ಕೆಳಗೆ ಸುಣ್ಣ ಹೀರುವ ಆ ಸಣ್ಣ ಸದ್ದು ಬಂತು. ಕಟ್ಟೆಯ ತಲೆಯ ಕಡೆ ಇನ್ನೂ ಒಣಗಿತ್ತು. ಇನ್ನೊಂದು ಕೊಡ ತರಲು ಹೋದೆ.